ಸಂಘ ಕಟ್ಟಿದ ಶರಣ: ಡಾ. ಫ. ಗು. ಹಳಕಟ್ಟಿಯವರು



ಜೂನ್ 29 ಮತ್ತು ಜುಲೈ 2, ಈ ಎರಡೂ ದಿನಗಳು ಒಬ್ಬರೇ ಮಹನೀಯರಿಗೆ ಸೇರಿದವು. ಮೊದಲನೆಯದು ಅವರು 1964ರಲ್ಲಿ ಲಿಂಗೈಕ್ಯರಾದ ದಿನ. ಎರಡನೆಯದು ಅವರು 1880ರಲ್ಲಿ ಜನಿಸಿದ ದಿನ. ವಚನ ಪಿತಾಮಹರೆಂದು ನಾಡೆಲ್ಲ ಕರೆಯುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರೇ ಆ ಮಹನೀಯರು. ನಮ್ಮ ಮಠದ ಗೋಡೆಯ ಮೇಲೂ ಅವರ ಭಾವಚಿತ್ರವಿದೆ. ವರ್ಷಕ್ಕೊಮ್ಮೆ ಅದಕ್ಕೆ ಹೂಮಾಲೆ ಹಾಕುತ್ತೇವೆ, ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಉಳಿಸಿದವರೆಂದು ನಾಲ್ಕು ಮಾತು ಹೇಳಿ ಪ್ರಸಾದ ಸ್ವೀಕರಿಸಿ ಮನೆಗೆ ಹೋಗುತ್ತೇವೆ. ಆ ಮಾತು ನಿಜವೇ. ಆದರೆ ಅವರ ಬದುಕಿನ ಇನ್ನೊಂದು ಮುಖವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರು ಸಂಘಗಳನ್ನು ಕಟ್ಟಿದವರು. ಕಟ್ಟಿದ್ದನ್ನು ತಮ್ಮದೆನ್ನದೆ ಹತ್ತು ಜನರ ಕೈಗೆ ಒಪ್ಪಿಸಿದವರು. ಈ ಸಲ ಆ ಮುಖವನ್ನು ಭಕ್ತರ ಮುಂದಿಡಬೇಕೆಂದು ನಮ್ಮ ಮನಸ್ಸು. ಹಾಗೇಕೆ ಎಂಬುದು ಲೇಖನದ ಕೊನೆಗೆ ತಿಳಿಯುತ್ತದೆ.

ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿಯೂ ಆಸಕ್ತಿ ಉಳ್ಳವರು. ತಾಯಿ ದಾನಾದೇವಿಯವರು. ಮನೆಯಲ್ಲಿ ಹೊಲ ಗದ್ದೆಗಳ ಐಶ್ವರ್ಯಕ್ಕಿಂತ ಓದಿನ ವಾತಾವರಣವೇ ಹೆಚ್ಚು. ಧಾರವಾಡದಲ್ಲಿ ಶಾಲೆಯ ಓದು ಮುಗಿಸಿ ಅವರು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜು ಸೇರಿದರು. ಬಿ.ಎ. ಪದವಿಯ ನಂತರ ಕಾನೂನು ಓದಿ 1904ರಲ್ಲಿ ವಕೀಲರಾದರು. ಮುಂಬಯಿಯಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ಭಾಷೆಗಾಗಿ, ತಮ್ಮ ಜನರಿಗಾಗಿ ಸಂಘ ಸಂಸ್ಥೆಗಳನ್ನು ನಡೆಸುವ ರೀತಿ ಅವರ ಕಣ್ಣಿಗೆ ಬಿತ್ತು. ಕನ್ನಡದವರು ಹೀಗೇಕೆ ಮಾಡಬಾರದು ಎಂಬ ಪ್ರಶ್ನೆ ಅಲ್ಲಿಯೇ ಅವರಲ್ಲಿ ಬೇರೂರಿತು. ಬೆಳಗಾವಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿ ಅಂದಿನ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದರು. ಮುಂದೆ ಅದೇ ಅವರ ಕಾಯಕಭೂಮಿಯಾಯಿತು.

ಅಂದಿನ ವಿಜಯಪುರ ಎಂತಹದಿತ್ತು ಎಂಬುದನ್ನು ನಮ್ಮ ಭಾಗದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದರೆ ಬೆಳೆ, ಇಲ್ಲವಾದರೆ ಬರ. ಬಿಳಿಜೋಳ, ಹತ್ತಿ ಬೆಳೆಯುವ ಒಕ್ಕಲಿಗ ಬಿತ್ತನೆಗೆ ಸಾಲ, ಮದುವೆಗೆ ಸಾಲ ಎಂದು ಸಾಹುಕಾರರ ಬಾಗಿಲಿಗೆ ಹೋಗಬೇಕು. ಕಾಗದ ಓದಲು ಬಾರದವನು ಅವರು ಬರೆದಿಟ್ಟಲ್ಲಿ ಹೆಬ್ಬೆಟ್ಟು ಒತ್ತಬೇಕು. ಮಕ್ಕಳನ್ನು ಓದಿಸಬೇಕೆಂದರೆ ಹತ್ತಿರದಲ್ಲಿ ಶಾಲೆಯಿಲ್ಲ. ಕೋರ್ಟಿಗೆ ಬರುವ ಕಕ್ಷಿದಾರರ ಕಾಗದಪತ್ರಗಳಲ್ಲಿ ವಕೀಲ ಹಳಕಟ್ಟಿಯವರಿಗೆ ದಿನಾಲೂ ಈ ಕಷ್ಟವೇ ಕಾಣುತ್ತಿತ್ತು. ಅವರು ಸರಕಾರಿ ವಕೀಲರೂ ಆದರು. ಮನಸ್ಸು ಮಾಡಿದ್ದರೆ ಗಳಿಸಿ, ಬಂಗಲೆ ಕಟ್ಟಿಸಿ, ವರ್ಷಕ್ಕೊಮ್ಮೆ ಒಂದಿಷ್ಟು ದಾನ ಕೊಟ್ಟು ಹೆಸರು ಪಡೆಯಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಆ ದಿನಗಳಲ್ಲಿ ಹತ್ತು ಜನ ಕೂಡಿ ಒಳ್ಳೆಯ ಕೆಲಸ ಮಾಡಲು ಕಾಯ್ದೆಯಲ್ಲಿ ಎರಡು ದಾರಿಗಳಿದ್ದವು. ಒಂದು, 1860ರ ಸಂಘ ನೋಂದಣಿ ಕಾಯ್ದೆ. ಅದರ ಪ್ರಕಾರ ಸಂಘದ ಆಸ್ತಿ ಯಾವ ಒಬ್ಬನದೂ ಆಗುವುದಿಲ್ಲ. ಆಡಳಿತ ಮಂಡಳಿ ಅದನ್ನು ಸಂಘದ ಪರವಾಗಿ ಕಾಯುತ್ತದೆ. ಸಂಘವನ್ನು ಮುಚ್ಚಿದರೂ ಉಳಿದದ್ದನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ. ಇನ್ನೊಂದು, 1904ರಲ್ಲಿ ಬಂದ ಸಹಕಾರಿ ಸಂಘಗಳ ಕಾಯ್ದೆ. ಮೊದಲು ಅದು ಸಾಲ ಕೊಡುವ ಸಂಘಗಳಿಗಷ್ಟೇ ಅನ್ವಯಿಸುತ್ತಿತ್ತು. 1912ರಲ್ಲಿ ಹೊಸ ಕಾಯ್ದೆ ಬಂದಾಗ ಬೇರೆ ಬಗೆಯ ಸಹಕಾರಿ ಸಂಘಗಳಿಗೂ ಅವಕಾಶವಾಯಿತು. ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಾಲದ ಸಹಕಾರಿ ಸಂಘ ಕಟ್ಟಿ ದಾರಿ ತೋರಿಸಿದ್ದರು. ಹಳ್ಳಿಯ ಒಕ್ಕಲಿಗರೇ ತಮ್ಮ ಹಣ ತಾವೇ ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಳ್ಳಬಹುದು ಎಂಬುದು ಅಲ್ಲಿ ಸಿದ್ಧವಾಗಿತ್ತು.

ಹಳಕಟ್ಟಿಯವರು ಶಿಕ್ಷಣಕ್ಕೂ ಸಾಲಕ್ಕೂ ಸಂಘದ ದಾರಿಯನ್ನೇ ಹಿಡಿದರು. 1910ರಲ್ಲಿ ಶಿಕ್ಷಣಕ್ಕಾಗಿ ಲಿಂಗಾಯತ ವಿದ್ಯಾಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಇಂದು ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾಗಿರುವುದು ಅದೇ. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಆಗ ಅವರ ವಯಸ್ಸು ಇನ್ನೂ ಮೂವತ್ತೆರಡು. ಬ್ಯಾಂಕಿಗೆ ತಮ್ಮ ಹೆಸರು ಇಡಲಿಲ್ಲ, ತಮ್ಮ ಮನೆತನದ ಹೆಸರೂ ಇಡಲಿಲ್ಲ. ಊರ ದೇವರು, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ, ಆ ಸಿದ್ಧೇಶ್ವರನ ಹೆಸರಿಟ್ಟರು. ಸಿದ್ಧರಾಮೇಶ್ವರರ ಕೆರೆಯೂ ಅನೇಕರ ಕೈ ಸೇರಿ ಆದದ್ದೆಂದು ಭಕ್ತರು ಬಲ್ಲಿರಿ.

ದಾನಕ್ಕೂ ಸಂಘಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಾವು ವಾಣಿಜ್ಯ ಓದಿದವರಾದ್ದರಿಂದ ಈ ವಿಷಯ ನಮಗೆ ಹತ್ತಿರದ್ದು. ಒಬ್ಬ ಶ್ರೀಮಂತರು ಶಾಲೆ ಕಟ್ಟಿಸಿ ಕೊಟ್ಟರೆ ಊರಿನವರು ಕೈಮುಗಿಯುತ್ತಾರೆ, ಆದರೆ ಶಾಲೆಯ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಕೊಟ್ಟವರು ಇದ್ದಾರಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುತ್ತಾರೆ. ಅವರ ನಂತರ ಮಕ್ಕಳಿಗೆ ಆಸಕ್ತಿ ಇಲ್ಲದಿದ್ದರೆ ಶಾಲೆಯ ಮಾಡಿನ ಹೆಂಚು ಒಂದೊಂದಾಗಿ ಬೀಳುತ್ತದೆ. ಸಂಘದಲ್ಲಿ ಹಾಗಲ್ಲ. ಐದು ರೂಪಾಯಿ ಶೇರು ಕೊಂಡವನೂ ಐನೂರರ ಶೇರು ಕೊಂಡವನೂ ಸದಸ್ಯರೇ. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರ ತತ್ತ್ವದ ತಿರುಳು. ಹಣ ಹೆಚ್ಚು ಇದ್ದವನ ಕೈ ಮೇಲಾಗದಂತೆ ಅದು ಕಾಯುತ್ತದೆ. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ, ಅಲ್ಲಿ ಜಮಾ-ಖರ್ಚಿನ ಓದು, ಪ್ರಶ್ನೆ, ಉತ್ತರ, ಠರಾವು, ಅದರ ನಡಾವಳಿ. 1912ರ ಕಾಯ್ದೆಯು ಪ್ರತಿಯೊಂದು ಸಹಕಾರಿ ಸಂಘದ ಲೆಕ್ಕವನ್ನು ವರ್ಷಕ್ಕೆ ಒಂದು ಸಲವಾದರೂ ತಪಾಸಣೆ ಮಾಡಿಸಬೇಕೆಂದು ರಿಜಿಸ್ಟ್ರಾರರ ಮೇಲೆಯೇ ಹೊಣೆ ಹಾಕಿತ್ತು. ಹೀಗೆ ಸಂಘದಲ್ಲಿ ಸಾಲ ಪಡೆಯುವವನು ಬೇಡುವವನಲ್ಲ, ಒಡೆಯರಲ್ಲಿ ತಾನೂ ಒಬ್ಬ. ತಾನು ಸಾಲ ಮುಳುಗಿಸಿದರೆ ನೆರೆಮನೆಯವನ ಠೇವಣಿ ಮುಳುಗುತ್ತದೆ ಎಂಬುದು ಅವನಿಗೂ ಗೊತ್ತಿರುತ್ತದೆ.

ಹಳಕಟ್ಟಿಯವರು ಅಲ್ಲಿಗೇ ನಿಲ್ಲಲಿಲ್ಲ. ಒಕ್ಕಲುತನದವರಿಗೆ, ಹತ್ತಿ ಬೆಳೆದು ಮಾರುವವರಿಗೆ, ನೇಕಾರರಿಗೆ ಸಹಕಾರಿ ಸಂಘಗಳು ಏಳಲು ದುಡಿದರು. ಬರ ಬಂದಾಗ ಪರಿಹಾರದ ಕೆಲಸಕ್ಕೆ ನಿಂತರು. ನಗರಸಭೆಯಲ್ಲಿ ಕೆಲಸ ಮಾಡಿದರು. ಮುಂಬಯಿ ಪ್ರಾಂತದ ವಿಧಾನ ಪರಿಷತ್ತಿನಲ್ಲಿ ಸದಸ್ಯರಾಗಿದ್ದರು. ಕರ್ನಾಟಕ ಏಕೀಕರಣದ ಚಳವಳಿಯಲ್ಲಿಯೂ ಅವರ ಪಾಲಿದೆ. ಇಷ್ಟೆಲ್ಲ ಮಾಡುವಾಗ ಒಬ್ಬ ಮನುಷ್ಯ ಎಲ್ಲ ಕಡೆ ತಾನೇ ಕುಳಿತು ಆಳಲು ಸಾಧ್ಯವಿಲ್ಲ. ಒಂದನ್ನು ಹುಟ್ಟಿಸಿ, ನಾಲ್ಕು ಜನರನ್ನು ಅದಕ್ಕೆ ಸಿದ್ಧಗೊಳಿಸಿ, ಮುಂದಿನದಕ್ಕೆ ಹೊರಡಬೇಕಾಗುತ್ತದೆ. ಮುಂದಾಳು ಎಂದರೆ ಕುರ್ಚಿಯನ್ನು ಗಟ್ಟಿ ಹಿಡಿದವನಲ್ಲ, ಕುರ್ಚಿಗೆ ಇನ್ನೊಬ್ಬರನ್ನು ತಯಾರು ಮಾಡುವವನು ಎಂಬುದು ಅವರ ನಡೆಯಿಂದ ನಮಗೆ ತಿಳಿಯುವ ಪಾಠ.

ಇನ್ನು ವಚನಗಳ ಕಥೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ, ರಬಕವಿ ಬನಹಟ್ಟಿ ಭಾಗದಲ್ಲಿ ಭಕ್ತರ ಮನೆಯೊಂದರಲ್ಲಿದ್ದ ತಾಳೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಮನೆಯವರು ಅವುಗಳಿಗೆ ವಿಭೂತಿ ಹಚ್ಚಿ, ಬಟ್ಟೆ ಸುತ್ತಿ, ಜಗುಲಿಯ ಮೇಲಿಟ್ಟು ಪೂಜಿಸುತ್ತಿದ್ದರು. ಆದರೆ ಬಿಚ್ಚಿ ಓದುವವರು ವಿರಳ. ಅಂದಿನಿಂದ ಅವರಿಗೆ ಅದೇ ಧ್ಯಾನವಾಯಿತು. ಊರೂರು ತಿರುಗಿದರು, ಮಠಗಳಿಗೆ ಹೋದರು, ಬೇಡಿ ತಂದರು, ಕೂತು ನಕಲು ಮಾಡಿದರು. ಅವರಿಗಿಂತ ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿತ್ತೆಂದೂ, ಅವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತರ ಹತ್ತಿರ ಬಂತೆಂದೂ ವಿದ್ವಾಂಸರು ಹೇಳುತ್ತಾರೆ. ಮಡಿವಾಳರು, ಅಂಬಿಗರು, ಚಮ್ಮಾರರು, ಕಸ ಗುಡಿಸುವ ತಾಯಂದಿರು, ಎಲ್ಲರೂ ಮಾತನಾಡಿದ ಆ ಮಹಾಮನೆಯ ಧ್ವನಿಗಳು ಪುಸ್ತಕದೊಳಗೆ ಬಂದವು. ಕಲ್ಯಾಣದಲ್ಲಿ ಒಬ್ಬರೇ ಮಾತನಾಡಿ ಉಳಿದವರು ಕೇಳಿಸಿಕೊಂಡಿದ್ದರೆ ಇಷ್ಟು ಜನರ ವಚನಗಳು ಹುಟ್ಟುತ್ತಿದ್ದವೇ ಎಂದು ನಾವು ವಿಚಾರ ಮಾಡಬೇಕು. ಆ ಕಲ್ಯಾಣ ನಮ್ಮ ಜಹೀರಾಬಾದಿನಿಂದ ಮುಂಬಯಿ ರಸ್ತೆ ಹಿಡಿದರೆ ದೂರವೇನಲ್ಲ.

ವಚನಗಳನ್ನು ಅಚ್ಚು ಮಾಡಿಸಲು ಅವರು ಮಂಗಳೂರಿನ ಹೆಸರಾಂತ ಮುದ್ರಣಾಲಯಕ್ಕೆ ಹಸ್ತಪ್ರತಿ ಕಳಿಸಿದಾಗ ಅಲ್ಲಿಯವರು ಅಚ್ಚು ಮಾಡದೆ ಹಿಂದಿರುಗಿಸಿದರೆಂಬುದು ಪ್ರಸಿದ್ಧ ಸಂಗತಿ. ಕೊನೆಗೆ ವಚನಶಾಸ್ತ್ರ ಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂತು. ಪರರ ಮುದ್ರಣಾಲಯವನ್ನು ನಂಬಿ ಕೂತರೆ ಕೆಲಸ ಸಾಗದೆಂದು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ತಾವೇ ಹಾಕಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿ, ಮುಂದೆ ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹರಿಹರನ ರಗಳೆಗಳನ್ನೂ ಬೆಳಕಿಗೆ ತಂದರು. ಬರೆಯುವವರು ಅವರೇ, ಕರಡು ತಿದ್ದುವವರು ಅವರೇ, ಕಾಗದದ ಸಾಲ ತೀರಿಸುವವರೂ ಅವರೇ. ವಕೀಲಿಯ ಗಳಿಕೆ ಎಲ್ಲ ಅಚ್ಚಿನ ಮೊಳೆಗಳಿಗೆ ಹೋಯಿತು. ಹರಿದ ಕೋಟು ತೊಟ್ಟು ವಿಜಯಪುರದ ಬೀದಿಯಲ್ಲಿ ನಡೆಯುತ್ತಿದ್ದ ಆ ವೃದ್ಧರನ್ನು ಕಂಡವರ ನೆನಪುಗಳು ನಮ್ಮ ಕಾಲದವರೆಗೂ ಬಂದಿವೆ. ಸರಕಾರ ರಾವಬಹದ್ದೂರ ಪದವಿ ಕೊಟ್ಟಿತ್ತು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಮನೆಯ ಬಡತನ ಮಾತ್ರ ಬಿಡಲಿಲ್ಲ.

ಸದ್ಭಕ್ತರೇ, ಈಗ ಲೇಖನದ ಮುಖ್ಯ ಮಾತಿಗೆ ಬರುತ್ತೇವೆ. ಹಳಕಟ್ಟಿಯವರು ಒಬ್ಬರೇ. ಆದರೆ ಅವರ ಕೆಲಸಗಳಲ್ಲಿ ಎರಡು ಬಗೆ. ಸಂಘವಾಗಿ ಕಟ್ಟಿದ್ದು ಒಂದು ಬಗೆ, ತಾವೊಬ್ಬರೇ ಹೊತ್ತದ್ದು ಇನ್ನೊಂದು ಬಗೆ. ಪತ್ರಿಕೆಯನ್ನು ಮೂವತ್ತೈದು ವರ್ಷ ಹೊತ್ತರು. ಅದು ಮಹಾ ತಪಸ್ಸು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಭಾರ ಅವರ ಮೈಯನ್ನು ಹಣ್ಣು ಮಾಡಿತು. ಅವರ ಕೈ ನಡೆದಷ್ಟು ದಿನ ಅದು ನಡೆಯಿತು. ಶಿಕ್ಷಣ ಸಂಸ್ಥೆ, ಬ್ಯಾಂಕುಗಳ ವಿಷಯ ಹಾಗಾಗಲಿಲ್ಲ. ಅವರು ಲಿಂಗೈಕ್ಯರಾಗಿ ಅರವತ್ತು ವರ್ಷ ದಾಟಿದರೂ ಅವು ನಡೆಯುತ್ತಿವೆ. ಶಿಕ್ಷಣ ಸಂಸ್ಥೆಯನ್ನು ಬಂಥನಾಳದ ಪೂಜ್ಯ ಸಂಗನಬಸವ ಶಿವಯೋಗಿಗಳಂಥವರು ಮುಂದೆ ಬೆಳೆಸಿದರು. ಒಂದು ಸಣ್ಣ ಆರಂಭ ಇಂದು ಕಾಲೇಜುಗಳಾಗಿ, ವೈದ್ಯಕೀಯ ಮಹಾವಿದ್ಯಾಲಯವಾಗಿ, ವಿಶ್ವವಿದ್ಯಾಲಯದ ಮಟ್ಟಕ್ಕೆ ಬೆಳೆದಿದೆ. ಅಲ್ಲಿಯ ಎಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರೇ ಇದೆ. ಅಷ್ಟೇ ಅಲ್ಲ, ಅವರು ಒಬ್ಬರೇ ಹೊತ್ತ ಸಾಹಿತ್ಯದ ಹೊರೆಯನ್ನು ಕೊನೆಗೆ ಕಾಪಾಡಿದ್ದೂ ಅವರು ಕಟ್ಟಿದ ಸಂಸ್ಥೆಯೇ. ಅವರ ಹೆಸರಿನ ಸಂಶೋಧನಾ ಕೇಂದ್ರವು ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಾಗಿ ಹೊರತಂದಿತು. ಹತ್ತು ಜನರಿಗೆ ಒಪ್ಪಿಸಿದ್ದು ಬೆಳೆದು, ಒಬ್ಬರೇ ಹೊತ್ತದ್ದನ್ನೂ ಎತ್ತಿ ಹಿಡಿಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇದನ್ನು ನಮ್ಮ ಗಡಿಭಾಗಕ್ಕೆ ಏಕೆ ಹೇಳುತ್ತಿದ್ದೇವೆ ಎಂದರೆ, ನಮ್ಮ ಸ್ಥಿತಿ ಇನ್ನೂ ನಾಜೂಕಿನದು. ಹಳಕಟ್ಟಿಯವರು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದರು, ಅಲ್ಲಿ ಸಂಘ ಕಟ್ಟಲು ಕಾಯ್ದೆ ಇತ್ತು. ನಮ್ಮ ಹಿರಿಯರು ನಿಜಾಮರ ಆಡಳಿತದಲ್ಲಿದ್ದರು. ಸಭೆ ಸೇರಬೇಕೆಂದರೂ ಸರಕಾರದ ಅಪ್ಪಣೆ ಬೇಕಾಗಿದ್ದ ಕಾಲವದು. ಆ ಕಷ್ಟದಲ್ಲಿಯೇ ಭಾಲ್ಕಿಯ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತಿರಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ಜಹೀರಾಬಾದ ತಾಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಜಹೀರಾಬಾದ, ನಾರಾಯಣಖೇಡ ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ ಜಿಲ್ಲೆಯಲ್ಲಿದೆ. ಬೆಂಗಳೂರಿನ ಸರಕಾರಕ್ಕೆ ನಾವು ಹೊರಗಿನವರು, ಹೈದರಾಬಾದಿನ ಸರಕಾರಕ್ಕೆ ಅಂಚಿನವರು. ಆದ್ದರಿಂದ ನಮ್ಮ ಬಸವ ಮಂಟಪ, ಸಮುದಾಯ ಭವನ, ವಿದ್ಯಾರ್ಥಿ ನಿಲಯ, ಅಕ್ಕನ ಬಳಗ ಇವೆಲ್ಲ ನಮ್ಮ ಕೈಯಿಂದಲೇ ನಡೆಯಬೇಕು. ಅವು ಕೆಟ್ಟರೆ ಎತ್ತಿ ನಿಲ್ಲಿಸಲು ಬೇರೆ ಯಾರೂ ಬರುವುದಿಲ್ಲ.

ಊರ ಹೆಸರು ಬೇಡ. ನಮ್ಮ ಭಾಗದ ಒಂದು ಊರಿನಲ್ಲಿ ಭಕ್ತರು ಕೂಡಿ ಭವನ ಕಟ್ಟಿದರು. ಹಣವಿದ್ದವರು ಹಣ ಕೊಟ್ಟರು. ಇಲ್ಲದವರು ತೊಗರಿ ಚೀಲ ಕೊಟ್ಟರು. ಗೌಂಡಿ ಕೆಲಸದವರು ವಾರಕ್ಕೊಂದು ದಿನ ಕೂಲಿ ಬಿಟ್ಟು ದುಡಿದರು. ನೆಲಕ್ಕೆ ತಾಂಡೂರಿನ ಕಲ್ಲು ಬಂತು. ಅಧ್ಯಕ್ಷರು ಸತ್ಯವಂತರು, ಒಂದು ಪೈಸೆಯನ್ನೂ ಮುಟ್ಟಿದವರಲ್ಲ. ಆದರೆ ಓಡಾಟ ತಪ್ಪಲೆಂದು ಭವನದ ಠೇವಣಿಯನ್ನು ತಮ್ಮ ಹೆಸರಿನಲ್ಲಿಯೇ ಇಟ್ಟಿದ್ದರು. ಹನ್ನೆರಡು ವರ್ಷ ಸಾಮಾನ್ಯ ಸಭೆ ಕರೆಯಲಿಲ್ಲ. ಯಾರೂ ಕೇಳಲಿಲ್ಲ, ಏಕೆಂದರೆ ಅವರ ಮೇಲೆ ಎಲ್ಲರಿಗೂ ನಂಬಿಕೆ. ಒಂದು ದಿನ ಅವರು ಹಠಾತ್ತನೆ ಲಿಂಗೈಕ್ಯರಾದರು. ಮಕ್ಕಳೂ ಒಳ್ಳೆಯವರೇ, ಹಣ ಸಂಘದ್ದೆಂದು ಒಪ್ಪಿದರು. ಆದರೆ ಬ್ಯಾಂಕು ಬಾಯಿಮಾತನ್ನು ಕೇಳುವುದಿಲ್ಲ. ಠರಾವು ಎಲ್ಲಿ ಎಂದರು, ನಡಾವಳಿ ಪುಸ್ತಕವೇ ಇಲ್ಲ. ಕಾರ್ಯಕಾರಿ ಸಮಿತಿಯ ಪಟ್ಟಿ ಎಲ್ಲಿ ಎಂದರು, ರಿಜಿಸ್ಟ್ರಾರರ ಕಚೇರಿಗೆ ಎಷ್ಟೋ ವರ್ಷಗಳಿಂದ ಕೊಟ್ಟಿಲ್ಲ. ಅದು ಸರಿಯಾಗಲು ಮೂರು ವರ್ಷ ಹಿಡಿಯಿತು. ಅಷ್ಟು ದಿನ ವಿದ್ಯುತ್ ಬಿಲ್ಲು ಕಟ್ಟುವವರಿಲ್ಲದೆ ಭವನಕ್ಕೆ ಬೀಗ. ತೊಗರಿ ಚೀಲ ಕೊಟ್ಟವರು ತಮ್ಮ ಮಗಳ ಮದುವೆಗೆ ಬಾಡಿಗೆಯ ಫಂಕ್ಷನ್ ಹಾಲ್ ಹಿಡಿಯಬೇಕಾಯಿತು. ಕಳ್ಳತನವಿಲ್ಲದೆಯೂ ಸಂಸ್ಥೆ ಹೀಗೆ ಮುಚ್ಚಬಹುದು. ಒಬ್ಬರ ಒಳ್ಳೆಯತನವನ್ನೇ ನಂಬಿ ಕೂತರೆ ಅದೂ ಅಪಾಯವೇ.

ಇನ್ನೊಬ್ಬರದನ್ನು ಹೇಳಿ ನಮ್ಮದನ್ನು ಮುಚ್ಚಿಡಬಾರದು. ನಾವು ಮಠದ ಕಾರ್ಯದರ್ಶಿಯಾದ ಹೊಸದರಲ್ಲಿ ಕಿರ್ದಿ, ಖಾತೆ, ರಸೀದಿ ಎಲ್ಲ ಅಚ್ಚುಕಟ್ಟು. ಲೆಕ್ಕ ತಪಾಸಣೆಯವರು ಸಹಿ ಹಾಕಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಜಾತ್ರೆಯ ರಾತ್ರಿ, ದಾಸೋಹ ಮುಗಿದು ಜನ ಏಳುವ ಹೊತ್ತಿಗೆ, ಮೂರೇ ನಿಮಿಷದಲ್ಲಿ ಜಮಾ-ಖರ್ಚು ಓದಿ ಕೂತುಬಿಡುತ್ತಿದ್ದೆವು. ಒಂದು ವರ್ಷ ನಾರಾಯಣಖೇಡದ ಕಡೆಯ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತು, ತಾವು ಕೊಟ್ಟ ಎರಡು ಚೀಲ ಜೋಳ ಈ ಪುಸ್ತಕದ ಯಾವ ಹಾಳೆಯಲ್ಲಿದೆ ಎಂದು ಕೇಳಿದರು. ಹಾಳೆಯಲ್ಲಿ ಇರಲಿಲ್ಲ. ನಾವು ನಗದನ್ನು ಮಾತ್ರ ಬರೆಯುತ್ತಿದ್ದೆವು, ಧಾನ್ಯ ನೇರವಾಗಿ ದಾಸೋಹದ ಕೋಣೆಗೆ ಹೋಗುತ್ತಿತ್ತು. ಲೆಕ್ಕ ಸರಿಯಿತ್ತು, ಆದರೆ ಆ ತಾಯಿ ಲೆಕ್ಕದಲ್ಲಿ ಇರಲಿಲ್ಲ. ಅವರು ಕೇಳಿದ್ದು ಸಂಶಯದಿಂದಲ್ಲ, ತಾವೂ ಈ ಮಠದವರು ಎಂಬುದನ್ನು ಕಾಣಲು. ನಮಗೆ ತಲೆ ತಗ್ಗಿತು. ಅಪ್ಪಗಳು ಅಂದೇ ಧಾನ್ಯದ ಪುಸ್ತಕ ಬೇರೆ ಮಾಡಿಸಿದರು. ಮರುವರ್ಷದಿಂದ ಜಾತ್ರೆಯ ಎರಡನೆಯ ದಿನ ಬೆಳಿಗ್ಗೆ, ಬೆಳಕಿನಲ್ಲಿ, ಲೆಕ್ಕದ ಸಭೆ ನಡೆಯುತ್ತದೆ. ಈಗ ಪ್ರಶ್ನೆಗಳು ಹೆಚ್ಚು, ಜೊತೆಗೆ ಕೈಗೂಡಿಸುವವರೂ ಹೆಚ್ಚು.

ಆದ್ದರಿಂದ ನಮ್ಮ ಮೂರೂ ತಾಲೂಕುಗಳ ಸಂಘಗಳ ಪದಾಧಿಕಾರಿಗಳಲ್ಲಿ, ಹಳಕಟ್ಟಿಯವರ ಸ್ಮರಣೆಯ ನಿಮಿತ್ತ, ಕೆಲವು ಬಿನ್ನಹಗಳು. ಒಂದು, ವರ್ಷಕ್ಕೊಂದು ಸಾಮಾನ್ಯ ಸಭೆಯನ್ನು ದಿನ ಗೊತ್ತು ಮಾಡಿ ಕರೆಯಿರಿ. ಬಿತ್ತನೆ, ಸುಗ್ಗಿ, ಕಬ್ಬು ಕಡಿಯುವ ದಿನಗಳನ್ನು ಬಿಟ್ಟು, ದುಡಿಯುವವರಿಗೆ ಬಿಡುವಿದ್ದಾಗ ಕರೆಯಿರಿ. ಎರಡು, ಠೇವಣಿ ಮತ್ತು ಆಸ್ತಿ ಸಂಘದ ಹೆಸರಿನಲ್ಲಿರಲಿ, ಹಣ ತೆಗೆಯಲು ಇಬ್ಬರ ಸಹಿ ಇರಲಿ. ಮೂರು, ನಡಾವಳಿ ಪುಸ್ತಕ ಬರೆಯಿರಿ. ಸಮಿತಿಯ ಪಟ್ಟಿಯನ್ನು ಪ್ರತಿ ವರ್ಷ ರಿಜಿಸ್ಟ್ರಾರರ ಕಚೇರಿಗೆ ಕೊಟ್ಟು ಪಾವತಿ ಇಟ್ಟುಕೊಳ್ಳಿರಿ. ನಾಲ್ಕು, ಜಮಾ-ಖರ್ಚನ್ನು ಗೋಡೆಗೆ ಹಚ್ಚಿರಿ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹಚ್ಚಿರಿ. ನಮ್ಮ ಮನೆಗಳ ಎಷ್ಟೋ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದು ಮಾತ್ರ ತೆಲುಗು. ಅವರಿಗೆ ಓದಲು ಬಾರದ ಲೆಕ್ಕ ಅವರದಾಗುವುದಿಲ್ಲ. ಐದು, ಸಮಿತಿಯಲ್ಲಿ ತಾಯಂದಿರೂ, ಎಲ್ಲ ಕಾಯಕದವರೂ, ಯುವಕರೂ ಇರಲಿ. ಹೆಸರಿಗೆ ಕೂಡಿಸುವುದು ಬೇಡ, ಅವರು ಮಾತನಾಡಿದರೆ ನಡಾವಳಿಯಲ್ಲಿ ಬರೆಯಿರಿ. ಆರು, ಎರಡು ಅವಧಿ ಮುಗಿಸಿದವರು ಪದವಿ ಬಿಟ್ಟು ಹಿರಿಯರಾಗಿ ಕುಳಿತು ದಾರಿ ತೋರಿಸಲಿ. ಈ ಕೊನೆಯ ಮಾತು ಕಾರ್ಯದರ್ಶಿಗಳಾದ ನಮಗೂ ಅನ್ವಯಿಸುತ್ತದೆ. ಮುಂದಿನ ಜಾತ್ರೆಯ ಸಭೆಯಲ್ಲಿ ನಮ್ಮ ಸ್ಥಾನಕ್ಕೆ ಇನ್ನೊಬ್ಬರನ್ನು ಆರಿಸಬೇಕೆಂದು ಅಪ್ಪಗಳಲ್ಲಿ ಭಿನ್ನವಿಸಿಕೊಂಡಿದ್ದೇವೆ. ಪುಸ್ತಕಗಳನ್ನು ಒಪ್ಪಿಸಿ, ಹೊಸಬರ ಪಕ್ಕದಲ್ಲಿ ಒಂದು ವರ್ಷ ಕುಳಿತು ಕಲಿಸಿಕೊಡುತ್ತೇವೆ.

ಸಭೆ ಎಂದರೆ ಜಗಳ, ಮತ ಎಂದರೆ ಒಡಕು ಎಂದು ಕೆಲವು ಹಿರಿಯರು ಅಂಜುತ್ತಾರೆ. ಅವರ ಅಂಜಿಕೆ ಸುಳ್ಳಲ್ಲ, ಕೆಲವೆಡೆ ಹಾಗೆ ಆಗಿಯೂ ಇದೆ. ಆದರೆ ಸಭೆಯಲ್ಲಿ ಎದ್ದ ಮಾತು ಸಭೆಯಲ್ಲಿಯೇ ಇಳಿಯುತ್ತದೆ. ಕಟ್ಟೆಯ ಮೇಲೆ ಎದ್ದ ಮಾತು ಮನೆಮನೆ ಸುತ್ತುತ್ತದೆ. ಕೇಳಲು ಸ್ಥಳವಿಲ್ಲದ ಪ್ರಶ್ನೆಯೇ ಮುಂದೆ ಗುಂಪುಗಾರಿಕೆಯಾಗುತ್ತದೆ.

ಹಳಕಟ್ಟಿಯವರು ಮನೆ ಮಾರಿದರು. ಅಂಥ ತ್ಯಾಗ ಎಲ್ಲರಿಂದಲೂ ಆಗುವುದಿಲ್ಲ, ಅದನ್ನು ನಾವು ಯಾರಲ್ಲಿಯೂ ಕೇಳುವುದಿಲ್ಲ. ಆದರೆ ಶೇರು ಕೂಡಿಸಿ, ಸಭೆ ಕರೆದು, ಲೆಕ್ಕ ಓದಿ, ಕುರ್ಚಿ ಬಿಟ್ಟುಕೊಡುವುದು ನಮ್ಮ ನಿಮ್ಮಂಥವರಿಂದಲೂ ಆಗುವ ಕೆಲಸ. ಬರುವ ಜುಲೈ 2ರಂದು ಅವರ ಭಾವಚಿತ್ರಕ್ಕೆ ಹೂಮಾಲೆ ಹಾಕಿದ ಮೇಲೆ, ಪ್ರಸಾದಕ್ಕೆ ಏಳುವ ಮುನ್ನ, ಪ್ರತಿ ಊರಿನ ಸಂಘವೂ ತನ್ನ ನಡಾವಳಿ ಪುಸ್ತಕವನ್ನು ಹೊರಗೆ ತೆಗೆದು ಕೊನೆಯ ಸಭೆಯ ತಾರೀಖು ನೋಡಲಿ. ಪುಸ್ತಕವಿಲ್ಲದ ಊರಿನವರು ಮಠಕ್ಕೆ ಬರಲಿ. ಹೊಸ ಪುಸ್ತಕವೊಂದನ್ನು ಮಠದಿಂದಲೇ ಕೊಡುತ್ತೇವೆ, ಮೊದಲ ಹಾಳೆ ಬರೆಯಲು ನಾವೇ ಬರುತ್ತೇವೆ.